ಒಂದು ಕಕ್ಕಸಿಗೆ ಅಪ್ಪಣೆ

ನಮ್ಮ ಬೀದಿಯಲ್ಲಿ ಗೋಡೆ ಎಬ್ಬಿಸೋಕೆ ಮುಂಚೆ ಹೋಗಿ ಅಪ್ಪಣೆ ಕೇಳಿದವಳು ನಾನೊಬ್ಬಳೇ. ಹೆಮ್ಮೆಯಿಂದ ಹೇಳ್ತಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಹೀಗಂದರೆ ಜನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡ್ತಾರೆ.

ಕೇಳಿದ್ದು ಮನೆಗೂ ಅಲ್ಲ, ಒಂದು ಕಕ್ಕಸಿಗೆ. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಯಿತು. ನಮ್ಮ ಕಕ್ಕಸು ಇರೋದು ಹಿತ್ತಲಲ್ಲಿ, ಮೆಟ್ಟಿಲ ಕೆಳಗೆ. ತಲೆ ಬಗ್ಗಿಸಿ, ಒಗೆಯೋ ಕಲ್ಲು ಸುತ್ತಿಕೊಂಡು ಹೋಗಬೇಕು. ಗಟ್ಟಿಯಾಗಿದ್ದಾಗಲೇ ಅವರು ಅಲ್ಲಿ ತಲೆ ಚಚ್ಚಿಕೊಂಡು ಬೈತಿದ್ದರು. ಈಗ ಮಗ ಮನೇಲಿದ್ದರೆ ನಾನೊಂದು ಕಡೆ ಅವನೊಂದು ಕಡೆ ಹಿಡಿದುಕೊಂಡು ಹೋಗ್ತೀವಿ. ಅವನು ಕೆಲಸಕ್ಕೆ ಹೋದರೆ ಬೆಡ್‌ಪ್ಯಾನು. ಫ್ಯಾಕ್ಟರಿಯಲ್ಲಿ ಹತ್ತಾರು ಜನರ ಮೇಲೆ ಜೋರು ಮಾಡಿ ಬಾಳಿದ ಮನುಷ್ಯ. ಬೆಡ್‌ಪ್ಯಾನು ಕಂಡರೆ ಗೋಡೆ ಕಡೆ ತಿರುಗಿಬಿಡ್ತಿದ್ದರು. ಆಮೇಲೆ ಅದರ ಸಹವಾಸವೇ ಬೇಡ ಅಂತ ನೀರು ಕುಡಿಯೋದನ್ನೇ ಬಿಟ್ಟರು. ಡಾಕ್ಟರು ಬೈದಿದ್ದು ನನಗೆ.

ಮಂಚದ ಪಕ್ಕದ ಗೋಡೆ ಒಡೆದರೆ ಆಚೆ ಓಣಿಯಂಥ ಜಾಗ. ಕಾಂಪೌಂಡಿನವರೆಗೂ ನಮ್ಮದೇ. ಅಲ್ಲೊಂದು ಕಮೋಡು ಕೂರಿಸಿದರೆ ಮುಗೀತು. "ಸುಮ್ನೆ ಕಟ್ಸಮ್ಮ, ಯಾರ್ ಕೇಳ್ತಾರೆ" ಅಂದ ಮಗ. ನಮ್ಮವ್ವ, ಪಕ್ಕದ ಹೊಲದ ಅವರೆಕಾಯಿ ಕೀಳೋಕೂ ಕೇಳು ಅಂತ ಬಡಿದು ಬೆಳೆಸಿದವಳು. ಅಲ್ಲದೆ ಓದಿದವರು ಕಾನೂನು ಮುರಿದರೆ ಈಚೆ ಬರೋ ದಾರಿ ಅವರಿಗೆ ಗೊತ್ತಿರುತ್ತೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟ ನಾನು ಕೇಳಿಬಿಡೋದೇ ವಾಸಿ ಅಂತ ಕಾರ್ಪೊರೇಷನ್ ಆಫೀಸಿಗೆ ಹೋದೆ.

ನಮ್ಮ ಬೀದಿ ಕಟ್ಟೋ ರೀತಿಯೇ ಬೇರೆ. ಹಬ್ಬಕ್ಕೆ ಸಾಲು ರಜೆ ಬಂದರೆ ಬೇರೆ ಕಡೆ ಒಬ್ಬಟ್ಟಿನ ವಾಸನೆ, ಇಲ್ಲಿ ಸಿಮೆಂಟಿನ ವಾಸನೆ. ಆಫೀಸು ಬಾಗಿಲು ತೆಗೆಯೋ ಹೊತ್ತಿಗೆ ಮೇಲಿನ ಮಹಡಿಗೆ ಮೋಲ್ಡು ಬಿದ್ದಿರುತ್ತೆ. ಮನೆಗಳು ಕೆಳಗೆ ಬಡಕಲು, ಮೇಲೆ ಹೋಗ್ತಾ ಹೋಗ್ತಾ ಹೊಟ್ಟೆ ಬಿಡ್ತವೆ. ಎದುರುಬದುರು ಬಾಲ್ಕನಿಯವರು ಕೈಚಾಚಿ ಕಾಫಿಪುಡಿ ಸಾಲ ತಗೊಳ್ತಾರೆ. ನಮ್ಮ ಪಕ್ಕದ ನಂಜಪ್ಪನಂತೂ ಕಾಂಪೌಂಡಿನ ಮೇಲಿಂದಲೇ ಗೋಡೆ ಎಬ್ಬಿಸಿ, ನಾಲ್ಕು ಮಹಡಿ ಪೀಜಿ ಮಾಡಿ, ರಾಯಚೂರು ಕಡೆ ಹುಡುಗರನ್ನ ತುಂಬಿದ್ದಾನೆ. ಅವನು ಯಾರನ್ನೂ ಕೇಳಿದವನಲ್ಲ.

ಎಂಜಿನಿಯರ್ ಬಂದ. ಟೇಪು ಬಿಚ್ಚಿದ್ದೇ ತಡ, ಬೀದಿಯೆಲ್ಲ ಬಾಗಿಲಿಗೆ ಬಂತು. ಮೂಲೆ ಅಂಗಡಿಯವನು ಮೋರಿ ಮೇಲಿಟ್ಟಿದ್ದ ಮೂಟೆಗಳನ್ನ ಒಳಗೆಳೆದುಕೊಂಡ. ನಂಜಪ್ಪ ಬನೀನಲ್ಲೇ ಓಡಿಬಂದ.

"ಏನ್ ರಂಗಮ್ಮ, ಬೀದಿಗೇ ಮಾರಿ ಕರ್ಕೊಂಡ್ ಬಂದ್ರಲ್ಲ."

"ಮಾರಿ ಕೋಳಿ ಕೊಟ್ರೆ ಹೋಗ್ತಾಳೆ ಬಿಡೋ ನಂಜಪ್ಪ, ನಿಂಗ್ ಗೊತ್ತಿರೋದೇ ಅಲ್ವಾ" ಅಂದೆ.

ಎಂಜಿನಿಯರ್ ಅಳೆದು, "ಅಜ್ಜಿ, ಇದು ಸೆಟ್‌ಬ್ಯಾಕ್. ಗಾಳಿ ಬೆಳಕಿಗೆ ಬಿಡೋ ಜಾಗ. ಕಟ್ಟೋ ಹಾಗಿಲ್ಲ" ಅಂದ.

ನಾನು ನಂಜಪ್ಪನ ಗೋಡೆ ತೋರಿಸಿದೆ. "ನನ್ ಗಾಳಿ ಬೆಳಕೆಲ್ಲ ಅದರ ಹಿಂದೆ ಐತೆ ಕಣಪ್ಪ. ಅದನ್ನ ಹೆಂಗ್ ಬಿಟ್ರಿ?"

"ಅವ್ರು ನಮ್ಮನ್ನ ಕೇಳ್ಲಿಲ್ವಲ್ಲ ಅಜ್ಜಿ. ನೀವೂ ಕೇಳ್ದೆ ಕಟ್ಟಿದ್ರೆ ಹೆಂಗೋ ನಡ್ಕೊಂಡ್ ಹೋಗ್ತಿತ್ತು. ಕೇಳಿದ್ಮೇಲೆ ನಾವು ಇಲ್ಲ ಅನ್ಲೇಬೇಕು."

ಕುಹಕವಿಲ್ಲದೆ, ಒಳ್ಳೇ ಮನಸ್ಸಿಂದಲೇ ಹೇಳಿದ. ಅದೇ ನನಗೆ ಹೆಚ್ಚು ಉರಿದದ್ದು. ಒಳಗೆ ಕರೆದು ಮಂಚ ತೋರಿಸಿದೆ. ನೋಡಿ, "ನಮ್ಮಪ್ಪಂಗೂ ಹಿಂಗೇ ಆಗಿತ್ತು" ಅಂದ.

"ಅವರಿಗೆ ಕಕ್ಕಸು ಎಲ್ಲಿ ಕಟ್ಸಿದ್ರಿ?" ಅಂದೆ.

ಟೇಪು ಸುತ್ತಿಕೊಂಡ. ಹೊಸಿಲು ದಾಟುವಾಗ, "ಒಳಗಡೆ ಏನಾದ್ರೂ ಮಾಡ್ಕೊಳ್ಳಿ ಅಜ್ಜಿ, ಹೊರಗೆ ಮಾತ್ರ ಒಂದ್ ಇಟ್ಟಿಗೇನೂ ಇಡ್ಬೇಡಿ" ಅಂದ.

ಒಳಗೆ ಇರೋದೇನು? ಒಂದು ಹಾಲ್, ಅಡಿಗೆಮನೆ, ಇವರ ಮಂಚ ಇರೋ ರೂಮು. ಆ ರೂಮಿಗೆ ಅಂಟಿಕೊಂಡು ಈಶಾನ್ಯದ ಮೂಲೆಯಲ್ಲಿ ದೇವರ ಕೋಣೆ. ಒಬ್ಬ ಮನುಷ್ಯ ಕೂರುವಷ್ಟು ಅಗಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಲಕ್ಷ್ಮಿ, ನರಸಿಂಹ, ಮನೆದೇವರು ಎಲ್ಲರನ್ನೂ ಒಂದು ಹರಿವಾಣದಲ್ಲಿಟ್ಟು ಅಡಿಗೆಮನೆ ಗೂಡಿಗೆ, ಸಾಸಿವೆ ಡಬ್ಬಿ ಪಕ್ಕ ಸಾಗಿಸಿದೆ.

"ಅತ್ತೆ, ಈಶಾನ್ಯದಲ್ಲಿ ಕಕ್ಕಸಾ? ಮನೆಗೆ ಒಳ್ಳೇದಾಗಲ್ಲ" ಅಂದಳು ಸೊಸೆ.

"ಆಗಿರೋ ಒಳ್ಳೇದು ಸಾಲ್ದೇನೇ?"

ಕೆಲಸವೆಲ್ಲ ಮುಗಿದ ಮೇಲೆ ಸುದ್ದಿ ಮುಟ್ಟಿ ಸುಂಕದಕಟ್ಟೆಯಿಂದ ನಾದಿನಿ ಅಳ್ತಾ ಬಂದಳು, ವಂಶ ಮುಳುಗಿತು ಅಂತ. "ನಿಮ್ಮಣ್ಣ ಕಕ್ಕಸಲ್ಲವ್ರೆ, ಈಚೆ ಬಂದ್ಮೇಲೆ ಅಳು" ಅಂದೆ. ನಂಜಪ್ಪನ ಹೆಂಡತಿ ಅರಿಶಿನ ಕುಂಕುಮಕ್ಕೆ ಬರೋದು ಬಿಟ್ಟಳು. ಅವಳ ಗಂಡನ ಗೋಡೆ ನನ್ನ ಕಿಟಕಿ ನುಂಗಿದಾಗ ಈ ಬೀದಿಯಲ್ಲಿ ಯಾರಿಗೂ ಶಾಸ್ತ್ರ ನೆನಪಾಗಿರಲಿಲ್ಲ.

ಕೆಲಸ ಮುಗಿದ ಆ ಮೊದಲ ದಿನ ನಮ್ಮವರು ಗೋಡೆಗೆ ಹಾಕಿಸಿದ್ದ ಕಂಬಿ ಹಿಡಿದು, ಕಾಲೆಳೆದುಕೊಂಡು, ಒಬ್ಬರೇ ಒಳಗೆ ಹೋದರು. ಹೋಗಿ ಚಿಲಕ ಹಾಕಿಕೊಂಡರು. ಬಿದ್ದರೆ ಗತಿಯೇನು ಅಂತ ಸೊಸೆ ಬಾಗಿಲು ಬಡಿಯೋಕೆ ಹೋದಳು. ನಾನು ಅವಳ ಕೈ ಹಿಡಿದೆ.

ಕೋಣೆ ಖಾಲಿ ಮಾಡಿಸೋಕೆ ಮುಂಚೆ ದೇವರನ್ನ ಒಂದು ಮಾತು ಕೇಳಿದ್ಯಾ ಅಂತ ನಾದಿನಿ ಈಗಲೂ ಕೇಳ್ತಾಳೆ. ಇಲ್ಲ, ಕೇಳಲಿಲ್ಲ. ಕೇಳಿದ್ದರೆ, ಪಾಪ, ಅವನೂ ಇಲ್ಲ ಅನ್ನಲೇಬೇಕಾಗ್ತಿತ್ತು.