ಹಾಲಮ್ಮನ ಹೆಸರು ಬರೆದುಕೊಂಡದ್ದು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಬಂದು ನಿಂತಿತ್ತು. ಹೊರಡುವ ಲಕ್ಷಣ ಮಾತ್ರ ಕಾಣಲಿಲ್ಲ. ಡ್ರೈವರು ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಮುಂದಿಟ್ಟುಕೊಂಡು ಯಾರದೋ ಜಮೀನಿನ ತಕರಾರು ಕೇಳುತ್ತಿದ್ದ. ಕಂಡಕ್ಟರು ನನ್ನ ಕೋಲು ನೋಡಿ, ಕಾಲು ನೋಡಿ, ಮುಂದಿನ ಸೀಟಿನಲ್ಲಿ ಕೂತಿದ್ದವನನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ಎದ್ದವನು ಶಿರಾಳಕೊಪ್ಪ ಬರುವವರೆಗೂ ನನ್ನ ಪಕ್ಕದಲ್ಲೇ ಜೋತಾಡುತ್ತ ನಿಂತಿದ್ದ. ಇಂಥ ಮರ್ಯಾದೆ ನನಗೆ ಹೊಸದಲ್ಲ, ಇಷ್ಟವೂ ಅಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ನನ್ನ ಬಲಗಾಲನ್ನು ಒಣಗಿಸಿ ಹೋಗಿತ್ತು. ಅಂದಿನಿಂದ ಜನ ನನಗೆ ಜಾಗ ಬಿಡುತ್ತಾರೆ, ಪಕ್ಕದಲ್ಲಿ ಕೂತು ಮಾತಾಡುವುದಿಲ್ಲ.

ನಾನು ಹೊರಟಿದ್ದ ಕೆಲಸವೂ ಅದಕ್ಕೆ ಸಂಬಂಧಪಟ್ಟದ್ದೇ. ದೇಶದಲ್ಲಿ ಕಣ್ಣಿಲ್ಲದವರು, ಕಿವಿ ಕೇಳದವರು, ಮಾತು ಬಾರದವರು, ಕೈಕಾಲು ಊನವಾದವರು ಎಷ್ಟು ಮಂದಿ ಎಂಬುದು ದಿಲ್ಲಿಗೆ ಗೊತ್ತಿರಲಿಲ್ಲ. ಬ್ರಿಟಿಷರ ಕಾಲದ ಜನಗಣತಿಯಲ್ಲಿ ಆ ಲೆಕ್ಕವಿತ್ತಂತೆ, ಆಮೇಲೆ ಕೈಬಿಟ್ಟರಂತೆ. ಇದ್ದವರೆಷ್ಟು ಎಂದೇ ತಿಳಿಯದಿದ್ದರೆ ಅವರಿಗೆ ಶಾಲೆ ಎಷ್ಟು ಬೇಕು, ನೆರವು ಎಷ್ಟು ಬೇಕು ಎಂದು ಯಾರು ಹೇಳಬೇಕು? ಅದಕ್ಕೇ ದೇಶದ ಉದ್ದಗಲಕ್ಕೆ ಅಲ್ಲೊಂದು ಇಲ್ಲೊಂದು ಹಳ್ಳಿ ಆರಿಸಿ, ಮನೆಮನೆಗೆ ಹೋಗಿ ಕೇಳಿ ಬರಲು ನಮ್ಮಂಥವರನ್ನು ಕಳಿಸಿದ್ದರು. ಹೊರಡುವ ಮುಂಚೆ ನಮ್ಮ ಮೇಲಿನವರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಕೇಳಿ, ಬರೆದುಕೊಳ್ಳಿ, ಆದರೆ ಸರ್ಕಾರ ಇಂಥದ್ದು ಕೊಡುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ.

ಶಿಕಾರಿಪುರದ ಕಡೆಯ ಹಳ್ಳಿಗಳಲ್ಲಿ ಮಾತು ಕೊಡುವ ಪ್ರಸಂಗವೇ ಬಂದಿರಲಿಲ್ಲ. ಹೋದ ಮನೆಯಲ್ಲೆಲ್ಲ ಒಂದೇ ಉತ್ತರ. ಒಂದು ಮನೆಯ ಬಾಗಿಲಲ್ಲಿ ಹೆಂಗಸೊಬ್ಬಳು ಅಡ್ಡ ನಿಂತು, “ಅಂಥೋರು ನಮ್ಮನ್ಯಾಗ ಯಾರೂ ಇಲ್ರಿ” ಅಂದಳು. ಅವಳ ಹಿಂದೆಯೇ ಒಬ್ಬ ಮುದುಕ ಗೋಡೆ ತಡವಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದ. ಇನ್ನೊಂದು ಮನೆಯ ಯಜಮಾನ ನನ್ನನ್ನೇ ಮೇಲಿಂದ ಕೆಳಗೆ ನೋಡಿ, “ಮೊದ್ಲ ನಿಮ್ಮನ್ನ ಬರ್ಕಂಡಾರೇನ್ರಿ?” ಎಂದು ಕೇಳಿದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನನ್ನನ್ನು ಯಾರೂ ಬರೆದುಕೊಂಡಿರಲಿಲ್ಲ. ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಕೋಣೆ ಯಾವ ಗಣತಿಗೂ ಸಿಕ್ಕಿರಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಬಿಸಿ ಮೆಣಸಿನಕಾಯಿ ಬೋಂಡ ತಿಂದೆ. ಹೊಸದಾಗಿ ಬಂದ ನಯಾ ಪೈಸೆಗೂ ಹಳೆಯ ಆಣೆ ಕಾಸಿಗೂ ಲೆಕ್ಕ ಕೂಡದೆ ಕಂಡಕ್ಟರಿಗೂ ಒಬ್ಬ ಅಜ್ಜಿಗೂ ಜಗಳ ಹತ್ತಿತ್ತು. ಮುಂದೆ ಜೋಳದ ಕೂಳೆಯ ಹೊಲಗಳು ಹಿಂದಾಗಿ ಭತ್ತದ ಗದ್ದೆಗಳು ಶುರುವಾದವು. ಕೊಯ್ಲು ಮುಗಿದ ಕಾಲ. ಎಲ್ಲ ಕಡೆ ಹುಲ್ಲಿನ ಬಣವೆ, ಕಣದಲ್ಲಿ ಸುತ್ತುವ ಎತ್ತು. ಶಿಕಾರಿಪುರದಿಂದ ಸೊರಬಕ್ಕೆ ಇಪ್ಪತ್ತೈದು ಮೈಲಿ ಇರಬಹುದು. ತಲುಪುವಾಗ ಮೈತುಂಬ ಕೆಂಧೂಳು, ಮೂಳೆಯೆಲ್ಲ ಸಡಿಲ.

ಸೊರಬದ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನ ಅಟ್ಟದ ಮೇಲೆ ಕೋಣೆ ಸಿಕ್ಕಿತು. ಬಿಸಿ ಅಕ್ಕಿ ರೊಟ್ಟಿ, ಮಾವಿನಮಿಡಿ ಉಪ್ಪಿನಕಾಯಿ. ಬಡಿಸುವವನು “ಇನ್ನೊಂದು?” ಅಂದ, ನಾನು “ಸಾಕು” ಅಂದೆ. ಆವತ್ತು ನಾನು ಸರ್ಕಾರಿ ಕೆಲಸದ ಹೊರಗೆ ಯಾರ ಜೊತೆಗಾದರೂ ಆಡಿದ ಮಾತು ಅಷ್ಟೇ. ಈ ಉದ್ಯೋಗದ ಒಂದು ಕಷ್ಟವನ್ನು ಯಾರೂ ಮುಂಚೆ ಹೇಳಿರಲಿಲ್ಲ. ದಿನವಿಡೀ ಪ್ರಶ್ನೆ ಕೇಳುವವನನ್ನು ಯಾರೂ ಏನೂ ಕೇಳುವುದಿಲ್ಲ. ಊಟ ಆಯಿತಾ ಎಂದು ಕೂಡ.

ಮರುದಿನ ಉಳವಿಯ ಬಸ್ಸು ಹತ್ತಿ ಊರು ಬರುವ ಮುಂಚೆಯೇ ಇಳಿದೆ. ನನಗೆ ಹೇಳಿದ್ದ ಹಳ್ಳಿಗೆ ಅಲ್ಲಿಂದ ಗದ್ದೆ ಬದುವಿನ ಮೇಲೆ ನಡೆಯಬೇಕು. ಬದುವಿಗೂ ನನ್ನ ಕೋಲಿಗೂ ಸ್ನೇಹವಿಲ್ಲ. ಎರಡು ಸಲ ಜಾರಿ ಬಿದ್ದು, ಮಣ್ಣು ಕೊಡವಿಕೊಂಡು ಪಟೇಲರ ಮನೆ ಸೇರಿದೆ. ಪಟೇಲರು ವಯಸ್ಸಾದವರು, ಕಿವಿಯಲ್ಲಿ ಚಿನ್ನದ ಒಂಟಿ. ಮನೆಮನೆಗೆ ಹೋಗಿ ಕುರುಡರು, ಕಿವುಡರು, ಕುಂಟರು ಇದ್ದಾರೆಯೇ ಎಂದು ಕೇಳಬೇಕಾಗಿದೆ ಎಂದೆ. ಯಾಕೆ ಎಂದು ಹೇಳುವ ಮುಂಚೆಯೇ ಅವರು ತಲೆದೂಗಿ ಮಜ್ಜಿಗೆ ತರಿಸಿದರು.

“ತಮ್ದು ಯಾವ ಕಡೆ?” ಅಂದರು. ಹೇಳಿದೆ. “ಯಾವ ಜನ?” ಹೇಳಿದೆ. “ಓಹೋ, ನಮ್ಮೋರೇ ಆದ್ರಿ ಬಿಡಿ. ಮನೆದೇವ್ರು?” ಅದನ್ನೂ ಹೇಳಿದೆ. ತಾಯಿ ಇದ್ದಾರೋ, ಜಮೀನು ಎಷ್ಟು, ನೌಕರಿ ಕಾಯಮ್ಮೋ, ಮದುವೆ ಯಾಕೆ ಆಗಿಲ್ಲ, ಎಲ್ಲ ಕೇಳಿದರು. ಮದುವೆ ಯಾಕಾಗಿಲ್ಲ ಎಂಬುದಕ್ಕೆ ನಾನು ಕಾಲು ತೋರಿಸಿದೆ. “ಅದೇನ್ ಮಹಾ!” ಅಂದುಬಿಟ್ಟರು ಆ ಮುದುಕರು. ನಿಜ ಹೇಳುತ್ತೇನೆ, ಎಷ್ಟೋ ದಿನಗಳಾಗಿದ್ದವು, ಒಬ್ಬರು ಎದುರು ಕೂತು ನನ್ನ ಸುದ್ದಿ ಕೇಳಿ. ಮಲೆನಾಡ ಸೆರಗಿನ ಜನವೇ ಬೇರೆ ಎಂದುಕೊಂಡೆ.

ಊರೊಳಗೂ ಹಾಗೇ ಆಯಿತು. ಯಾರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಹೆಂಗಸರು ಒಳಗಿನಿಂದ ಬಂದು ಬಂದು ನನ್ನನ್ನು ನೋಡಿ ಹೋದರು. ಒಬ್ಬಾಕೆ ನಗುತ್ತ, “ನಮ್ಮನೇಲಿ ಇಲ್ಲಪ್ಪ. ಈರಪ್ಪನ ಮನೆಗೆ ಹೋಗಿ, ಅಲ್ಲಿ ಐತೆ. ಚಂದಾಗೈತೆ” ಅಂದಳು. ಚಂದಾಗೈತೆ ಅಂದದ್ದು ಏನನ್ನು ಎಂದು ನಾನು ಯೋಚಿಸಬೇಕಿತ್ತು. ಇನ್ನೊಬ್ಬರ ಮನೆಯ ಊನವನ್ನು ಹೀಗೆ ಬೆರಳು ಮಾಡಿ ತೋರಿಸಿದವರು ಅವತ್ತಿನವರೆಗೆ ಯಾರೂ ಸಿಕ್ಕಿರಲಿಲ್ಲ. ಕೆಲಸ ಸುಲಭವಾಯಿತೆಂದು ಖುಷಿಯಲ್ಲಿ ನಡೆದೆ.

ಈರಪ್ಪನ ಅಂಗಳ ಆಗತಾನೆ ಸಾರಿಸಿದ್ದು, ಇನ್ನೂ ಹಸಿಯಿತ್ತು. ಜಗಲಿಯ ಮೇಲೆ ಕಂಬಳಿ ಹಾಸಿದ್ದರು. ಪಟೇಲರು ನನಗಿಂತ ಮುಂಚೆಯೇ ಬಂದು ಕೂತಿದ್ದರು. ಈರಪ್ಪ ಗಟ್ಟಿ ಆಳು, ಕಣದಿಂದ ಬಂದವನು ತಲೆಯ ಮೇಲಿನ ಹೊಟ್ಟು ಇನ್ನೂ ಕೊಡವಿಕೊಂಡಿರಲಿಲ್ಲ. ಬೆಲ್ಲದ ಕಾಫಿಯ ಲೋಟ ಹಿಡಿದು ಒಳಗಿನಿಂದ ಒಬ್ಬ ಹುಡುಗಿ ಬಂದಳು. ಹದಿನೇಳು ಹದಿನೆಂಟು ಇರಬಹುದು. ಮೈಮೇಲಿನ ರೇಷ್ಮೆ ಸೀರೆ ಮಡಿಕೆ ಬಿಚ್ಚಿ ಆಗಷ್ಟೇ ಉಟ್ಟದ್ದು. ಲೋಟ ಕೊಟ್ಟವಳು ತಲೆ ತಗ್ಗಿಸಲಿಲ್ಲ, ನನ್ನ ಬಲಗಾಲನ್ನೇ ನೋಡಿದಳು. ಜನ ಕದ್ದು ನೋಡುತ್ತಾರಲ್ಲ, ಹಾಗಲ್ಲ. ನೇರವಾಗಿ, ಸಾವಕಾಶವಾಗಿ ನೋಡಿ, ತನ್ನ ಕಿವಿ ಮುಟ್ಟಿ ತೋರಿಸಿ ನಕ್ಕಳು. ಅವಳ ತಾಯಿ ಬಾಗಿಲಿನಿಂದ ನಾಲ್ಕು ಕಾಳು ಭತ್ತ ಅವಳ ಬೆನ್ನಿಗೆ ಎಸೆದಳು. ಆ ಮನೆಯಲ್ಲಿ ಅವಳನ್ನು ಕರೆಯುವ ಕ್ರಮ ಅದು. ಹುಡುಗಿ ತಿರುಗಿ ಒಳಗೆ ಹೋದಳು.

“ಹಾಲಮ್ಮ ಅಂತ,” ಈರಪ್ಪ ಹೇಳಿದ. “ಕಿವಿ ಕೇಳಲ್ಲ, ಮಾತು ಬರಲ್ಲ. ಅದ್ನ ನಾವು ಮುಚ್ಚಿಡಲ್ಲ. ನಿಮ್ ಕಾಲೂ ನಾವು ನೋಡೀವಿ. ನಿಮಗೆ ಒಪ್ಗೆ ಆದ್ರೆ ಮುಂದಿನ ಮಾತು ಪಟೇಲ್ರು ಆಡ್ತಾರೆ.”

ಆಗ ನನಗೆ ಹೊಳೆಯಿತು. ಮದುವೆಯಾಗದ ಒಬ್ಬ ಕುಂಟ ಊರಿಗೆ ಬಂದು, ನಿಮ್ಮನೆಯಲ್ಲಿ ಕುಂಟಿ ಇದ್ದಾಳಾ, ಕಿವುಡಿ ಇದ್ದಾಳಾ ಎಂದು ಬಾಗಿಲು ಬಾಗಿಲಿಗೆ ಕೇಳಿದರೆ ಯಾರು ತಾನೇ ಬೇರೆ ಏನು ತಿಳಿದಾರು? ಲೋಟ ಕೆಳಗಿಟ್ಟು, ದಿಲ್ಲಿಯ ಲೆಕ್ಕ, ಆರಿಸಿದ ಹಳ್ಳಿ, ನನ್ನ ಕೆಲಸ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕಿವಿಯೆಲ್ಲ ಬಿಸಿಯಾಗಿತ್ತು. ಪಟೇಲರು ಕೆಮ್ಮಿ ಬೇರೆ ಕಡೆ ನೋಡಿದರು.

ಈರಪ್ಪ ತಲೆಯ ಮೇಲಿನ ಹೊಟ್ಟು ಕೊಡವಿಕೊಂಡ. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ. “ಬರ್ಕಂಡ್ರೆ ಇವ್ಳಿಗೆ ಏನ್ ಸಿಗ್ತೈತೆ?” ಎಂದು ಕೇಳಿದ.

ಮೈಸೂರಿನಲ್ಲಿ ಕಿವುಡ ಮೂಗ ಮಕ್ಕಳ ಶಾಲೆ ಇದೆ. ಓದುವವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೂ ಇದೆ. ಆದರೆ ಅಕ್ಷರವನ್ನೇ ಕಾಣದ, ಮದುವೆ ವಯಸ್ಸಿಗೆ ಬಂದ ಹುಡುಗಿಯನ್ನು ಅಲ್ಲಿ ಯಾರು ಸೇರಿಸಿಕೊಳ್ಳುತ್ತಾರೆ? “ಈಗ ಏನೂ ಸಿಗೋದಿಲ್ಲ ಈರಪ್ಪನೋರೇ,” ಅಂದೆ. “ಇಂಥವರು ಎಷ್ಟು ಜನ ಇದಾರೆ ಅಂತ ಗೊತ್ತಾದ್ರೆ, ಮುಂದೆ ಹುಟ್ಟೋರಿಗೆ ಏನಾದ್ರೂ ಆಗಬಹುದು.”

“ಮುಂದೆ ಹುಟ್ಟೋರಿಗೆ,” ಅಂದ ಈರಪ್ಪ. ಆಮೇಲೆ ಒಳಬಾಗಿಲ ಕಡೆ ನೋಡಿ, “ಬರ್ಕಳಿ. ಇಲ್ಲಿ ಯಾರ ಲೆಕ್ಕಕ್ಕೂ ಇಲ್ಲ ಅದು. ಅಲ್ಲಾದ್ರೂ ಇರ್ಲಿ” ಅಂದ.

ನಾನು ಕಾಗದ ತೆಗೆದೆ. ಹಾಲಮ್ಮ ಬಾಗಿಲಿಗೆ ಬಂದು ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಹೆಸರು, ವಯಸ್ಸು, ಹುಟ್ಟಿನಿಂದಲೋ ಆಮೇಲೋ, ಕೆಲಸ ಮಾಡುತ್ತಾಳೋ ಇಲ್ಲವೋ. “ಮನೆ ಕೆಲ್ಸ ಎಲ್ಲ ಅವ್ಳದೇ,” ಅಂದ ಈರಪ್ಪ. ಬರೆದು ಮುಗಿಸಿ ನಾನು ಪೆನ್ನಿನ ಮುಚ್ಚಳ ಹಾಕುತ್ತಲೇ ಅವಳು ಒಳಗೆ ಓಡಿ, ತಟ್ಟೆಯಲ್ಲಿ ಬೆಲ್ಲದ ಚೂರು ತಂದು ಮೊದಲು ಪಟೇಲರಿಗೆ, ಆಮೇಲೆ ಅಪ್ಪನಿಗೆ, ಕೊನೆಗೆ ನನಗೆ ಕೊಟ್ಟಳು. ಪಟೇಲರು ಬೆಲ್ಲವನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡರು. ನನಗೆ ಹಸಿವಾಗಿತ್ತು, ತಿಂದೆ.

ಹೊರಟಾಗ ಓಣಿಯ ತಿರುವಿನವರೆಗೆ ಹಾಲಮ್ಮನ ತಾಯಿ ಹಿಂದೆ ಬಂದಳು. “ಬೆಲ್ಲ ಯಾಕೆ ಕೊಟ್ಳು ಗೊತ್ತಾತಾ?” ಅಂದಳು. ನಾನು ಇಲ್ಲವೆಂದೆ. “ಹ್ವಾದ ವರ್ಷ ಅವ್ಳ ಅಕ್ಕನ್ದು ಮದ್ವೆ ಗಟ್ಟಿ ಆತು. ಹಿಂಗೇ ಕಂಬಳಿ ಹಾಸಿ, ಕಾಫಿ ಕೊಟ್ಟು, ಕಾಗದದ ಮೇಲೆ ಹೆಸ್ರು ಬರ್ದ್ರು. ಬರ್ದಾದ ಮೇಲೆ ಎಲ್ರಿಗೂ ಬೆಲ್ಲ ಹಂಚಿದ್ಲು ಅಕ್ಕ. ಈ ಹುಡ್ಗಿ ಎಲ್ಲ ನೋಡ್ಕಂಡಿತ್ತು.”

ನಾನು ಕೋಲೂರಿ ನಿಂತೆ. ನಾಲಗೆಯ ಮೇಲೆ ಬೆಲ್ಲದ ರುಚಿ ಇನ್ನೂ ಇತ್ತು. “ನೀವೇ ತಿಳಿಸಿ ಹೇಳಿ ತಾಯಿ,” ಅಂದೆ.

“ಹೆಂಗ್ ಹೇಳ್ಲಿ? ಊಟಕ್ಕೆ ಸನ್ನೆ ಐತೆ, ನೀರಿಗೆ ಐತೆ, ದನಕ್ಕೆ, ಗಂಡಿಗೆ, ತಾಳಿಗೆ ಎಲ್ಲಕ್ಕೂ ಐತೆ. ಸರ್ಕಾರಕ್ಕೆ ನಮ್ಮನೇಲಿ ಸನ್ನೆ ಇಲ್ಲ ಸ್ವಾಮಿ.” ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾನು ತಿರುಗಿ ಹೋದೆ. ಹಾಲಮ್ಮ ಅದೇ ಸೀರೆಯಲ್ಲಿ ಅಂಗಳದಲ್ಲಿ ನಿಂತಿದ್ದಳು. ಕಾಗದ ತೋರಿಸಿದೆ, ಇಲ್ಲ ಎಂದು ಕೈ ಆಡಿಸಿದೆ. ಬಸ್ಸಿನ ರಸ್ತೆ ತೋರಿಸಿ, ದೂರ, ಬಹಳ ದೂರ ಎಂದು ಕೈ ಚಾಚಿದೆ. ನನ್ನ ಎದೆ ಮುಟ್ಟಿ ಮತ್ತೆ ಇಲ್ಲವೆಂದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾರಿಗೂ ಏನನ್ನೂ ಹೇಳಿಲ್ಲ. ಅವಳು ಗಮನವಿಟ್ಟು ಎಲ್ಲವನ್ನೂ ನೋಡಿ, ಅರ್ಥವಾಯಿತೆಂದು ತಲೆಯಾಡಿಸಿದಳು. ನಂತರ ಸೂರ್ಯ ಹೋಗುವ ಹಾಗೆ ಬೆರಳನ್ನು ಮೂಡಣದಿಂದ ಪಡುವಣಕ್ಕೆ ತಂದು, ಮತ್ತೆ ಮೂಡಣದಿಂದ ಪಡುವಣಕ್ಕೆ ತಂದು, ಅಂಗೈ ಬಿಚ್ಚಿ ನನ್ನ ಮುಖ ನೋಡಿದಳು. ಎಷ್ಟು ದಿನ ಬಿಟ್ಟು ಬರುತ್ತೀರಿ?

ಒಂದು ಗಳಿಗೆ, ಒಂದು ಬೆರಳೆತ್ತಿ ತೋರಿಸಿಬಿಡಬೇಕು ಅನ್ನಿಸಿತು. ಬೆಂಗಳೂರಿನ ನನ್ನ ಕೋಣೆಯಲ್ಲಿ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ. ಆದರೆ ಕಂಬಳಿಯ ಮೇಲೆ ನಾನು ಸರ್ಕಾರದವನಾಗಿ ಕೂತಿದ್ದೆ. ಸರ್ಕಾರದವನು ಯಾರಿಗೂ ಮಾತು ಕೊಡಬಾರದು. ಕೈ ಮುಗಿದು ಹೊರಟೆ. ಅವಳು ಅದಕ್ಕೂ ನಕ್ಕು ಕೈ ಮುಗಿದಳು.

ಸಂಜೆಯ ಬಸ್ಸಿಗೆ ರಸ್ತೆಗೆ ಬಂದು ನಿಂತೆ. ಬಿಸಿಲು ಇಳಿದಿತ್ತು, ಗದ್ದೆಗಳ ಮೇಲೆ ಹೊಟ್ಟಿನ ಧೂಳು ತೇಲುತ್ತಿತ್ತು. ಬಸ್ಸು ಬಂದಾಗ ಕಂಡಕ್ಟರು ನನ್ನ ಕಾಲು ನೋಡಿ ಎಂದಿನಂತೆ ಒಬ್ಬನನ್ನು ಎಬ್ಬಿಸಿದ. ಕಿಟಕಿಯಿಂದ ಆ ಹಳ್ಳಿಯ ಕಡೆ ನೋಡಿದೆ. ಈರಪ್ಪನ ಕಣದಲ್ಲಿ ಎತ್ತು ಬಿಚ್ಚಿದ್ದರು. ಬಣವೆಯ ಪಕ್ಕದಲ್ಲಿ ರೇಷ್ಮೆ ಸೀರೆಯೊಂದು ರಸ್ತೆಗೆ ಮುಖ ಮಾಡಿ ನಿಂತಿತ್ತು. ನಾನು ಕೈ ಎತ್ತಲಿಲ್ಲ. ಕೈ ಎತ್ತಿದರೆ ಅವಳ ಭಾಷೆಯಲ್ಲಿ ಅದು ಏನಾಗುತ್ತದೋ ನನಗೆ ಗೊತ್ತಿರಲಿಲ್ಲ.

ಬೆಂಗಳೂರಿಗೆ ಬಂದು ಕಾಗದಗಳನ್ನು ಒಪ್ಪಿಸಿದೆ. ಅವು ದಿಲ್ಲಿಗೆ ಹೋದವು. ಈ ದೇಶದಲ್ಲಿ ಕಿವಿ ಕೇಳದವರು ಇಷ್ಟು ಮಂದಿ ಎಂದು ಅವರು ಹೇಳುವ ಸಂಖ್ಯೆಯಲ್ಲಿ ಹಾಲಮ್ಮ ಇದ್ದಾಳೆ. ನಾನು ಇನ್ನೂ ಅದೇ ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಎದ್ದು ಕಿಟಕಿ ತೆರೆದು ಸೂರ್ಯನನ್ನು ನೋಡಿದಾಗ, ಉಳವಿ ದಾರಿಯ ಒಂದು ಅಂಗಳದಲ್ಲಿ ಇನ್ನೊಬ್ಬರು ಅದೇ ಸೂರ್ಯನನ್ನು ಬೆರಳಲ್ಲಿ ಎಣಿಸುತ್ತಿರಬಹುದು ಎಂದು ನೆನಪಾಗುತ್ತದೆ.