ಸ್ಟಾನೊಯ್ಕತ್ತೆಯ ರಾಕೆಟ್ಟುಗಳೂ ಬಾರದ ಮಳೆಯೂ

ಸ್ಟಾನೊಯ್ಕತ್ತೆಯನ್ನು ನಾನು ಮೊದಲು ಕಂಡದ್ದು ಜೂನ್ ಹನ್ನೊಂದರ ಮಧ್ಯಾಹ್ನ, ಮೂರು ಗಂಟೆಗೆ ಸ್ವಲ್ಪ ಮೊದಲು. ಬೆಲ್‌ಗ್ರೇಡಿನಲ್ಲಿ ಕೃಷಿ ಓದಿ ಮುಗಿಸಿ, ಅರಿಲ್ಯೆ ಪೇಟೆಯ ಸಲಹಾ ಕಚೇರಿಗೆ ಸೇರಿ ಹನ್ನೆರಡು ದಿನವಾಗಿತ್ತು. ನಮ್ಮ ಮನೆಯಲ್ಲಿ ಎಂಟನೇ ತರಗತಿ ದಾಟಿದವಳು ನಾನೊಬ್ಬಳೇ. ಹಾಗಾಗಿ ಮೇಲಧಿಕಾರಿ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಅಂದು ಬರೆದುಕೊಂಡದ್ದು ಇಷ್ಟು: ಗುಡ್ಡದ ಮೇಲಿನ ಆಲಿಕಲ್ಲು ತಡೆಯುವ ಠಾಣೆಗೆ ಹೋಗುವುದು, ಮಳೆ ಅಳೆಯುವ ಡಬ್ಬಿ ನೋಡುವುದು, ಜಗಳದಲ್ಲಿ ಸಿಕ್ಕಿಕೊಳ್ಳದಿರುವುದು.

ಠಾಣೆಯೆಂದರೆ ಒಂದು ತಗಡಿನ ಕೋಣೆ, ಪಕ್ಕದಲ್ಲಿ ಆಲಿಕಲ್ಲಿನ ಮೋಡಕ್ಕೆ ರಾಕೆಟ್ ಹಾರಿಸುವ ಕಬ್ಬಿಣದ ಚೌಕಟ್ಟು. ನೆರಳಿನಲ್ಲಿ ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಠಾಣೆ ನೋಡಿಕೊಳ್ಳುವ, ಊರೆಲ್ಲ ಸ್ಟಾನೊಯ್ಕತ್ತೆ ಎನ್ನುವ ಐವತ್ತೈದರ ಹೆಂಗಸೊಬ್ಬರು ಕುಳಿತಿದ್ದರು. ಕಾಲಿಗೆ ಗಂಡಸರ ಬೂಟು, ಮಡಿಲಲ್ಲಿ ಬೀನ್ಸ್, ಮಗ್ಗುಲಲ್ಲಿ ಗೊರಗುಟ್ಟುವ ವೈರ್‌ಲೆಸ್ಸು.

"ಯಾರ ಮಗಳೇ ನೀನು?"

"ಪೆಟ್ಟಿಗೆ ಮಾಡೋ ರಾದೊಸಾವ್ ಅವರ ಮಗಳು."

"ಹಂಗಾದ್ರೆ ನಾನು ಕೂತಿರೋದು ನಿಮ್ಮಪ್ಪನ ಪೆಟ್ಟಿಗೆ ಮೇಲೇನೇ. ತಳ ಕುಸೀತಾ ಇದೆ, ಹೇಳು ಅವ್ನಿಗೆ."

ಅಷ್ಟರಲ್ಲಿ ವೈರ್‌ಲೆಸ್ಸು ಮಾತಾಡಿತು. ರೇಡಾರ್ ಕೇಂದ್ರದವರು ದಿಕ್ಕು ಹೇಳಿದರು, ಕೋನ ಹೇಳಿದರು, ನಾಲ್ಕು ಎಂದರು. ಅತ್ತೆ ಬೀನ್ಸನ್ನು ನನ್ನ ಮಡಿಲಿಗೆ ಸುರಿದು ಎದ್ದರು. ನಾಲ್ಕು ರಾಕೆಟ್ಟುಗಳು ಒಂದರ ಹಿಂದೊಂದು ಸಿಡಿದು ಮೇಲೇರಿದವು. ಕಪ್ಪು ಮೋಡ ನಮ್ಮ ನೆತ್ತಿಯ ಮೇಲೆ ಬಂದು, ಗುಡುಗಿ, ಗುಡ್ಡ ದಾಟಿ ಹೋಯಿತು. ಆಲಿಕಲ್ಲು ಬೀಳಲಿಲ್ಲ. ಒಂದು ಹನಿ ನೀರೂ ಬೀಳಲಿಲ್ಲ.

"ಡಬ್ಬಿ ಒಣಗಿದೆ ಅಂತ ಬರ್ಕೊ. ಸಂಜೆಗೆ ದೆಸಿಮಿರ್ ಬರ್ತಾನೆ, ಮಳೇನ ನೀನೇ ಓಡಿಸ್ದೆ ಅಂತಾನೆ."

"ಓಡಿಸಿದ್ರಾ?"

"ನಂಗೇನು ಗೊತ್ತೇ? ಓದಿದೋಳು ನೀನು."

ಜಗಳ ಇದೇ ಆಗಿತ್ತು. ಎರಡು ಬೇಸಿಗೆಯಿಂದ ಊರಿನಲ್ಲಿ ಮಳೆ ಕಡಿಮೆ. ಅದೇ ಎರಡು ಬೇಸಿಗೆಗಳಲ್ಲಿ ಠಾಣೆಯಿಂದ ರಾಕೆಟ್ ಹಾರಿದ್ದು ಹೆಚ್ಚು. ನಲವತ್ತು ಮನೆಯವರು ಅರ್ಜಿಗೆ ಸಹಿ ಹಾಕಿದ್ದರು: ಠಾಣೆ ಮುಚ್ಚಬೇಕು, ಸ್ಟಾನೊಯ್ಕಾಳಿಂದ ಬೀಗದಕೈ ವಾಪಸು ಪಡೆಯಬೇಕು. ಮುಂದಾಳು ದೆಸಿಮಿರ್, ಕೆಳಗೇರಿಯ ದೊಡ್ಡ ರಾಸ್ಪ್‌ಬೆರಿ ಬೆಳೆಗಾರ. ತೀರ್ಮಾನಕ್ಕೆ ಜುಲೈನಲ್ಲಿ ಸಂತ ಪೇತ್ರನ ಹಬ್ಬದ ಮರುದಿನ ಸಭೆ ಎಂದಾಗಿತ್ತು.

ಅತ್ತೆಗೆ ಬೇಕಿದ್ದದ್ದು ಬರೀ ಬೀಗದಕೈ ಅಲ್ಲ. ಹದಿನಾಲ್ಕು ವರ್ಷ ತಾನು ಊರನ್ನು ಕಾಯ್ದದ್ದೋ ಕೆಡಿಸಿದ್ದೋ ಎಂದು ಅವರಿಗೆ ತಿಳಿಯಬೇಕಿತ್ತು. ಹಾರಿಸಿದ್ದು, ಮಳೆ, ಕಲ್ಲು ಎಲ್ಲ ಬರೆದಿಟ್ಟ ತಮ್ಮ ದಿನಚರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಲೆಕ್ಕ ಹಾಕಿ ಹೇಳು" ಎಂದರು.

ಎರಡು ಬೇಸಿಗೆಯದ್ದನ್ನು ನೋಡಿದೆ. ರಾಕೆಟ್ ಹಾರಿದ ದಿನಗಳು ಹತ್ತೊಂಬತ್ತು. ಅವುಗಳಲ್ಲಿ ಮಳೆ ಬಂದದ್ದು ಮೂರೇ ದಿನ. ಹಾರಿಸದ ಮೋಡದ ದಿನಗಳಲ್ಲಿ ಅರ್ಧಕ್ಕರ್ಧ ಮಳೆ. ದೆಸಿಮಿರ್ ಹೇಳಿದ್ದು ಸರಿ ಎಂದುಕೊಂಡು ಎರಡು ದಿನ ಗುಡ್ಡ ಹತ್ತಲಿಲ್ಲ.

ಮೂರನೆಯ ದಿನ ಹೊಳೆಯಿತು. ಕೇಂದ್ರದವರು ಎಲ್ಲ ಮೋಡಕ್ಕೂ ಹಾರಿಸು ಎನ್ನುವುದಿಲ್ಲ. ಆಲಿಕಲ್ಲು ಹೊತ್ತಂತೆ ಕಂಡ ಮೋಡಕ್ಕೆ ಮಾತ್ರ ಎನ್ನುತ್ತಾರೆ. ಅಂಥ ಮೋಡ ಕಿರಿದು, ಅವಸರದ್ದು. ಒಂದು ಹೊಲಕ್ಕೆ ಸುರಿದು ಮತ್ತೊಂದನ್ನು ಬಿಟ್ಟು ಹೋಗುವಂಥದ್ದು. ಅದನ್ನು ದಿನವಿಡೀ ಸುರಿಯುವ ಮೋಡದ ಜೊತೆ ಹೋಲಿಸಿದ್ದು ನನ್ನ ತಪ್ಪು. ಹೋಲಿಸಬೇಕಾದದ್ದು ಅಂಥದೇ ಮೋಡ ಬಂದೂ ರಾಕೆಟ್ ಹಾರದ ದಿನಗಳನ್ನು: ದಾಸ್ತಾನು ಮುಗಿದಿದ್ದ ದಿನ, ಇಲ್ಲವೇ ಮೇಲೆ ವಿಮಾನವಿದೆಯೆಂದು ಅನುಮತಿ ಸಿಗದ ದಿನ. ಅಂಥವು ಐದೇ ಸಿಕ್ಕವು. ಎರಡರಲ್ಲಿ ಆಲಿಕಲ್ಲು, ಒಂದರಲ್ಲಿ ಮಳೆ, ಎರಡರಲ್ಲಿ ಏನೂ ಇಲ್ಲ. ಐದರಿಂದ ಏನು ಹೇಳುವುದು?

ದೆಸಿಮಿರ್ ಮಾವನಿಗೆ ವಿವರಿಸಲು ಹೋದೆ. "ಪಶುವೈದ್ಯರ ಗಾಡಿ ನಿಂತ ಮನೇಲೇ ಕಾಯಿಲೆ ದನ ಜಾಸ್ತಿ ಇರುತ್ತೆ ಮಾವ. ಹಂಗಂತ ಕಾಯಿಲೆ ತಂದಿದ್ದು ಅವರಾ?"

"ಮತ್ತಿನ್ಯಾರು? ಆ ಮನುಷ್ಯ ಬೂಟು ತೊಳ್ಯೋದೇ ಇಲ್ಲ! ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಅವನೇ ತಾನೆ ಹಚ್ಚೋದು?"

ಇದು ನಿಜವೂ ಇರಬಹುದಲ್ಲ ಎಂದು ನನಗೇ ಅನ್ನಿಸಿ, ಪುಸ್ತಕ ಮಡಚಿಕೊಂಡು ಮನೆಗೆ ಬಂದೆ.

ಸಭೆಗೆ ಎರಡು ದಿನ ಮೊದಲು ಮತ್ತೆ ಕಪ್ಪು ಮೋಡ ಬಂತು. ಅತ್ತೆ ರಾಕೆಟ್ಟುಗಳನ್ನು ಜೋಡಿಸಿಕೊಂಡು ಕಾದರು. "ವಿಮಾನ ಇದೆ, ಅನುಮತಿ ಇಲ್ಲ" ಎಂದಿತು ವೈರ್‌ಲೆಸ್ಸು. ಆರು ನಿಮಿಷ ಆಲಿಕಲ್ಲು ಬಿತ್ತು. ಮೇಲುಗೇರಿಗೆ ತುಂತುರು, ಕೆಳಗೇರಿಗೆ ಆಕ್ರೋಟಿನ ಗಾತ್ರದ ಕಲ್ಲು. ದೆಸಿಮಿರನ ಹಣ್ಣೆಲ್ಲ ನೆಲಕ್ಕೆ ಬಿದ್ದು ಸಾಲುಗಳ ನಡುವೆ ಕೆಂಪು ನೀರು ಹರಿಯಿತು.

ಮುಚ್ಚಿಹೋದ ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ದೆಸಿಮಿರ್ ಎಲ್ಲರಿಗಿಂತ ಮೊದಲು ಎದ್ದ.

"ಬೀಗದಕೈ ಸ್ಟಾನೊಯ್ಕಾ ಹತ್ರಾನೇ ಇರ್ಲಿ. ತಪ್ಪು ನಂದು. ಹಾರಿಸ್ಲಿಲ್ಲ, ಬಿತ್ತು. ಇನ್ನೇನು ಸಾಕ್ಷಿ ಬೇಕು?"

ಜನ ಮೇಜು ಬಡಿದರು. ಅತ್ತೆ ಮಾತ್ರ ನನ್ನತ್ತ ತಿರುಗಿದರು. "ಮಗಳೇ, ಇದು ಸರಿಯಾದ ಸಾಕ್ಷಿನಾ?"

ಸುಮ್ಮನಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಆದರೂ ನನಗೆ ಬೇರೆ ಮಾತು ಬರಲಿಲ್ಲ. "ಅಲ್ಲ ಅತ್ತೆ. ಒಂದು ದಿನದಿಂದ ಗೊತ್ತಾಗಲ್ಲ. ಹಾರಿಸಿದ್ರೂ ಬೀಳ್ತಿತ್ತೇನೋ."

ದೆಸಿಮಿರ್ ಕೆರಳಿದ. "ರಾಕೆಟ್ಟಿಂದ ಮಳೆ ಹೋಯ್ತು ಅಂದೆ, ಅಲ್ಲ ಅಂದೆ ನೀನು. ರಾಕೆಟ್ ಇಲ್ದೆ ಕಲ್ಲು ಬಿತ್ತು ಅಂದೆ, ಅದಕ್ಕೂ ಅಲ್ಲ! ಅಷ್ಟು ವರ್ಷ ಓದಿ ಕಲ್ತಿದ್ದು ಇದೊಂದೇ ಪದಾನಾ?"

ಕೋಣೆಯೆಲ್ಲ ನಕ್ಕಿತು. ಆಗ ಅತ್ತೆ ಎದ್ದು ನಿಂತರು.

"ನಗಬೇಡಿ. ಹೋದ ವರ್ಷ ಮೇನಲ್ಲಿ ಎಂಟು ಹಾರಿಸ್ದೆ, ಆದ್ರೂ ಕಲ್ಲು ಬಿದ್ದು ನನ್ನ ಮನೆ ಕಿಟಕಿನೇ ಒಡೀತು. ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಗೊತ್ತಿದೆ ಅಂತ ಸುಳ್ಳು ಹೇಳಿ ಬೀಗದಕೈ ಇಟ್ಕೊಳ್ಳೋಳಲ್ಲ ನಾನು."

ಕೈ ಎತ್ತಿಸಿದಾಗ ಠಾಣೆ ಇರಲಿ ಎಂದವರೇ ಹೆಚ್ಚು. ಆದರೆ ಅವರೆಲ್ಲ ಎತ್ತಿದ್ದು ಬಿದ್ದ ಕಲ್ಲಿನ ಹೆದರಿಕೆಗೆ, ನನ್ನ ಲೆಕ್ಕಕ್ಕಲ್ಲ.

ಹೊರಗೆ ಬಂದಾಗ ಅತ್ತೆ ಕೇಳಿದರು, "ಮುಂದಿನ ಸಲ ಹಾರಿಸ್ಲಾ, ಬೇಡ್ವಾ?"

"ನಂಗೂ ಗೊತ್ತಿಲ್ಲ ಅತ್ತೆ. ಮಳೆ ಓಡಿಸ್ತು ಅನ್ನೋಕೆ ಆಧಾರ ಸಿಗ್ಲಿಲ್ಲ, ಅಷ್ಟೇ. ಕಲ್ಲು ತಡೀತು ಅನ್ನೋಕೂ ಸಿಗ್ಲಿಲ್ಲ."

"ಒಳ್ಳೇ ಓದು ಕಣೇ ನಿಂದು," ಎಂದು ಅವರು ಠಾಣೆಯ ದಾರಿ ಹಿಡಿದರು.

ಈಗಲೂ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಸ್ಟಾನೊಯ್ಕತ್ತೆ ಅದೇ ಠಾಣೆಯಲ್ಲಿದ್ದಾರೆ. ಕೇಂದ್ರದಿಂದ ಆಜ್ಞೆ ಬಂದರೆ ರಾಕೆಟ್ ಹಾರಿಸುತ್ತಾರೆ. ಅದರಿಂದ ಉಪಯೋಗವಿದೆಯೇ ಎಂದು ಕೇಳಿದವರಿಗೆ, ತನಗೆ ಗೊತ್ತಿಲ್ಲ ಎನ್ನುತ್ತಾರೆ.