ನಟಾಲಿನ ಮದುವೆ ಕಾಗದ

ಚಿಕ್ಕಮಾವ ಹೊಳವನಹಳ್ಳಿಗೆ ವಾಪಸು ಬಂದಾಗ ನಾನು ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮಾವನವರ ತಮ್ಮ ಅವರು. ಮೀಸೆ ಮೂಡುವ ವಯಸ್ಸಿಗೆ ಯಾರದೋ ಮಾತು ಕೇಳಿ ಮದ್ರಾಸಿಗೆ ಹೋಗಿ, ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ, ಹಡಗು ಹತ್ತಿ, ಆಫ್ರಿಕದ ದಕ್ಷಿಣದಲ್ಲಿರುವ ನಟಾಲಿಗೆ ಹೋದವರಂತೆ. ಇಂಗ್ಲಿಷರ ಆಳ್ವಿಕೆಯ ಸೀಮೆ ಅದು. ಕಬ್ಬಿನ ತೋಟ ಬಿಳಿಯರದು, ಕಡಿಯುವ ಕೈ ನಮ್ಮವರದು. ಬರುವಾಗ ಹೆಂಡತಿಯನ್ನೂ ಕರೆತಂದರು. ಆಕೆ ಹುಟ್ಟಿದ್ದೇ ಆ ತೋಟದಲ್ಲಿ, ತೆಲುಗು ಕೂಲಿಗಳ ಮಗಳಾಗಿ.

ಚಿಕ್ಕತ್ತೆಗೆ ಊರಲ್ಲಿ ತಮ್ಮವರೆಂಬವರು ಯಾರೂ ಇಲ್ಲ. ಮುಸುಕಿನ ಜೋಳಕ್ಕೆ ಅಲ್ಲಿಯವರಂತೆ 'ಮೀಲಿ' ಅನ್ನುತ್ತಿದ್ದರು. ನೀರಿಗೆ ಹೋದರೆ ಹೆಂಗಸರು, "ಮೀಲಿ ಬಂದ್ಳು ಕಣ್ರೇ, ದಾರಿ ಬುಡಿ" ಎಂದು ನಗುವರು. ಚಿಕ್ಕತ್ತೆಯೂ ನಗುವರು. ಮನೆಗೆ ಬಂದು ಕೊಡ ಇಳಿಸಿದ ಮೇಲೆ ಗೋಡೆ ಕಡೆ ತಿರುಗಿ ಕೂತುಬಿಡುವರು.

ಅಷ್ಟರಲ್ಲಿ ನಾದಿನಿಯ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆ ಕೆಲಸ ಶುರುವಾಗುವುದು ಒರಳಿನಿಂದ. ಮನೆಯ ಮುತ್ತೈದೆಯರೆಲ್ಲ ಒನಕೆ ಹಿಡಿದು ಅರಿಸಿನ ಕುಟ್ಟಬೇಕು. ಒನಕೆ ಮುಟ್ಟಿದವಳು ಮನೆಯವಳು, ಮುಟ್ಟದವಳು ಹೊರಗಿನವಳು. ಚಿಕ್ಕತ್ತೆ ಎಲ್ಲರಿಗಿಂತ ಮೊದಲೇ ತಲೆಗೆ ನೀರು ಹಾಕಿಕೊಂಡು ಬಂದು ನಿಂತಿದ್ದರು. ನಮ್ಮತ್ತೆ ಕೈ ಅಡ್ಡ ಹಿಡಿದರು.

"ತಡಿಯಮ್ಮ. ನಿನ್ನ ಧಾರೆ ಎರೆದೋರ್ಯಾರು? ಅಕ್ಕಿ ಹಾಕಿದೋರ್ಯಾರು? ನಮ್ಮೋರು ಒಬ್ರಾದ್ರೂ ಕಂಡವ್ರಾ?"

ಚಿಕ್ಕತ್ತೆ ಒಳಗೆ ಓಡಿ ಪೆಟ್ಟಿಗೆಯಿಂದ ಮೊಹರು ಬಿದ್ದ ಕಾಗದವೊಂದನ್ನು ತಂದರು.

"ಅಲ್ಲಿ ಬರೀ ತಾಳಿ ಕಟ್ಟಿದ್ರೆ ಮದುವೆ ಅನ್ನಾಕಿಲ್ಲ ಅಕ್ಕಾ. ದೊರೆ ಕಚೇರೀಲಿ ಬರೆಸಿದ್ರೇನೇ ಹೆಂಡ್ತಿ. ಇಬ್ರೂ ಒಂದಿನ ಪೂರಾ ನಡೆದು ಹೋಗಿ ಬರೆಸಿದ್ವಿ."

"ಅದು ಅಲ್ಲಿಗಾಯ್ತು. ನಮ್ಮ ಒರಳಿಗೆ ಓದಾಕ್ ಬರ್ತದಾ?"

ಹೆಂಗಸರು ಗೊಳ್ಳೆಂದರು. ಅತ್ತೆ ಕೆಟ್ಟವರಲ್ಲ. ಕಾಗದವನ್ನು ಜೋಪಾನವಾಗಿ ಹಿಂದಿರುಗಿಸಿ ದಾರಿಯನ್ನೂ ಅವರೇ ಹೇಳಿದರು: "ಇವತ್ತೇ ಗುಡೀಲಿ ಇನ್ನೊಂದ್ಸಲ ತಾಳಿ ಕಟ್ಟಿಸ್ಕಂಬುಡು. ಮೊದಲ ಅಕ್ಕಿ ನಾನೇ ಹಾಕ್ತೀನಿ."

ಜಗಲಿಯಿಂದ ಚಿಕ್ಕಮಾವ, "ಅದಕ್ಕೇನತ್ತಿಗೆ, ಕಟ್ಬುಡ್ತೀನಿ" ಎಂದರು.

ಚಿಕ್ಕತ್ತೆ ಅತ್ತ ತಿರುಗಿಯೂ ನೋಡಲಿಲ್ಲ.

"ಇವತ್ತು ಕಟ್ಟಿಸ್ಕಂಡ್ರೆ ಇವತ್ತಿಂದ ಹೆಂಡ್ತಿ ಅಕ್ಕಾ. ಆ ತೋಟದ ಬದೀಲಿ ಮಣ್ಣು ಮಾಡಿ ಬಂದ್ವಲ್ಲ ಮಗೀನ, ಅದು ಯಾರ್ದು ಅಂಗಾರೆ?"

ಅತ್ತೆ ತಲೆ ತಗ್ಗಿಸಿದರು. ಅವರಿಗೂ ಎರಡು ಮಕ್ಕಳು ಹೋಗಿದ್ದವು. ಆದರೆ ಯಾರೋ "ಹೊತ್ತು ಮೀರ್ತದೆ ಕಣಮ್ಮ" ಅಂದರು. ಅತ್ತೆ ಒನಕೆ ತೆಗೆದು ನನ್ನ ಕೈಗೆ ಕೊಟ್ಟರು.

ಚಿಕ್ಕತ್ತೆ ಕಾಗದ ಮಡಿಸಿಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು. ಹೋಗಿ ಪಕ್ಕದಲ್ಲಿ ಕೂರಬೇಕು ಅನ್ನಿಸಿತು. ಹೋಗಿದ್ದರೆ ನಾನೂ ಹೊರಗಿನವಳಾಗುತ್ತಿದ್ದೆನೇನೋ. ಹೆಂಗಸರು ಸೋಬಾನೆ ಎತ್ತಿಕೊಂಡರು, ನಾನು ಕುಟ್ಟುತ್ತಲೇ ಇದ್ದೆ.